ಜಾತ್ರೆಯ ಕಣದಲ್ಲಿ ಟ್ರ್ಯಾಕ್ಟರ್: ನಿಷೇಧ ಬೇಡ, ನಿಯಮ ಬೇಕು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಇಳಿಮುಖವಾಗುವ ಹೊತ್ತಿಗೆ ಜಾತ್ರೆಗಳ ಹಂಗಾಮು ಏರತೊಡಗುತ್ತದೆ. ಸಂಕ್ರಾಂತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಿಂದ ಮೊದಲ್ಗೊಂಡು ಯುಗಾದಿ, ಬಸವ ಜಯಂತಿಗಳನ್ನು ದಾಟಿ ಕಾರಹುಣ್ಣಿಮೆಯವರೆಗೆ ಊರೂರುಗಳಲ್ಲಿ ತೇರು, ಕುಸ್ತಿ, ಭಾರ ಎತ್ತುವ ಪಂದ್ಯ, ಎತ್ತುಗಳ ತೆರಬಂಡಿ ಸ್ಪರ್ಧೆಗಳು ಸಾಲುಗಟ್ಟುತ್ತವೆ. ಈ ಪಟ್ಟಿಗೆ ಕೆಲವು ವರ್ಷಗಳಿಂದ ಟ್ರ್ಯಾಕ್ಟರ್ ಕೂಡ ಸೇರಿಕೊಂಡಿದೆ. ಎರಡು ಟ್ರ್ಯಾಕ್ಟರ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ಸರಪಳಿ ಬಿಗಿದು, ಯಾವುದು ಯಾವುದನ್ನು ಎಳೆದೊಯ್ಯುತ್ತದೆ ಎಂದು ನೋಡುವುದು ಒಂದು ಬಗೆ. ಭಾರ ತುಂಬಿದ ಟ್ರೇಲರನ್ನು ಗೊತ್ತುಪಡಿಸಿದ ವೇಳೆಯಲ್ಲಿ ಎಷ್ಟು ದೂರ ಎಳೆಯಬಲ್ಲದು ಎಂಬುದು ಇನ್ನೊಂದು. ಟ್ರೇಲರ್ ಜೋಡಿಸಿಕೊಂಡೇ ಹಿಮ್ಮುಖವಾಗಿ ಓಡಿಸುವುದು ಮೂರನೆಯದು. ಬೆಂಗಳೂರಿನ ಓದುಗರು ಈ ದೃಶ್ಯಗಳನ್ನು ಮೊಬೈಲ್ ಪರದೆಯ ಮೇಲೆ ಕಂಡಿರಬಹುದು: ಮುಗಿಲಿಗೇರುವ ಕಪ್ಪು ಹೊಗೆ, ನೆಲ ಬಿಟ್ಟು ಮೇಲೆದ್ದ ಮುಂದಿನ ಚಕ್ರಗಳು, ಎರಡೂ ಬದಿಯಲ್ಲಿ ಕೈಯಳತೆಯ ದೂರದಲ್ಲಿ ನಿಂತು ಶಿಳ್ಳೆ ಹೊಡೆಯುವ ಜನ. ಪರದೆಯನ್ನು ಸರಿಸಿ ಮುಂದೆ ಹೋಗುವುದು ಸುಲಭ. ಆದರೆ ಅಲ್ಲಿ ನಡೆಯುತ್ತಿರುವುದು ನಾವು ಎಣಿಸಿದಷ್ಟು ಹಗುರವಾದ ಸಂಗತಿಯಲ್ಲ.

ಈಚೆಗೆ ಟಿಕೋಟಾ ತಾಲ್ಲೂಕಿನ ಹೊನವಾಡಕ್ಕೆ ಬಂಧುಗಳ ಮನೆಯ ಕಾರ್ಯಕ್ಕೆಂದು ಹೋಗಿದ್ದಾಗ, ಗ್ಯಾರೇಜೊಂದರ ಎದುರಿನ ಬೇವಿನ ನೆರಳಿನಲ್ಲಿ ಏಳೆಂಟು ಮಂದಿ ಟ್ರ್ಯಾಕ್ಟರ್ ಮಾಲೀಕರ ಮಾತಿಗೆ ಕಿವಿಗೊಡುವ ಅವಕಾಶ ನನಗೆ ದೊರೆಯಿತು. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹಲವು ವರ್ಷ ಎಂಜಿನ್‌ಗಳ ಪಾಠ ಹೇಳಿದವನು ನಾನು. ಆದರೂ ಆ ಮಾತಿನ ಆಳ ಕಂಡು ಬೆರಗಾದೆ. ಬರಲಿರುವ ಜಾತ್ರೆಗಳಿಗೆ ಯಾರು ಯಾವ ಗಾಡಿ ಇಳಿಸುತ್ತಾರೆ ಎಂಬ ಲೆಕ್ಕದಿಂದ ಆರಂಭವಾದ ಚರ್ಚೆ, ಬೇಗನೆ ಕಳೆದ ಹಂಗಾಮಿನ ಗಾಯಗಳತ್ತ ಹೊರಳಿತು. ಒಬ್ಬರ ಎಂಜಿನ್ ಕಣದ ನಡುವೆಯೇ ಹಿಡಿದುಕೊಂಡು ನಿಂತಿತ್ತು. ಇನ್ನೊಬ್ಬರದರಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನು ಸೀಳಿಕೊಂಡು ಹೊರಬಂದಿತ್ತು. ಮತ್ತೊಬ್ಬರದು ಮೂರು ವರ್ಷ ತುಂಬುವ ಮೊದಲೇ ಬೋರಿಗೆ ಬಂದಿತ್ತು. ‘ಈ ಸಲ ಪಂಪಿಗೆ ಕೈ ಹಚ್ಚೂದಿಲ್ಲ’ ಎಂದರು ಒಬ್ಬರು. ‘ಕೈ ಹಚ್ಚಲಿಲ್ಲಂದ್ರ ಕಣಕ್ಕ ಯಾಕ ಇಳೀತಿ? ಮನ್ಯಾಗ ಕುಂದರು’ ಎಂದು ಪಕ್ಕದವರು ನಕ್ಕರು. ಬಳಿಕ ನನ್ನತ್ತ ತಿರುಗಿ, ‘ಸರ್, ನೀವು ಕಲಿಸಿದವರು. ಎಂಜಿನ್ ಯಾಕ ಒಡೀತಾವ, ನೀವರ ಹೇಳ್ರಿ’ ಎಂದರು. ಕಂಪನಿಯ ಮಾಲು ಸರಿಯಿಲ್ಲ, ಡೀಸೆಲ್ಲಿನಲ್ಲಿ ಕಲಬೆರಕೆ, ನಸೀಬು ಕೆಟ್ಟಿತ್ತು ಎಂಬ ಮೂರು ಉತ್ತರಗಳು ಅಷ್ಟರಲ್ಲಾಗಲೇ ಬಂದುಹೋಗಿದ್ದವು.

ಈ ಪ್ರಶ್ನೆಗೆ ಯಂತ್ರಶಾಸ್ತ್ರ ಕೊಡುವ ಉತ್ತರ ನೇರವಾದದ್ದು. ಹೊಲದ ಕೆಲಸಕ್ಕೆ ತಯಾರಾದ ಡೀಸೆಲ್ ಎಂಜಿನ್, ನಿಮಿಷಕ್ಕೆ ಸುಮಾರು 2,000 ಸುತ್ತುಗಳ ಆಸುಪಾಸಿನಲ್ಲಿ ತನ್ನ ಪೂರ್ಣ ಶಕ್ತಿಯನ್ನು ಕೊಡುವಂತೆ ಅಣಿಗೊಂಡಿರುತ್ತದೆ. ಇಂಧನ ಪಂಪಿನಲ್ಲಿ ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ಒಂದು ತಿರುಪು ನಿರ್ಧರಿಸುತ್ತದೆ. ಸುತ್ತುಗಳು ಮಿತಿ ಮೀರದಂತೆ ಗವರ್ನರ್ ತಡೆಯುತ್ತದೆ. ಕಾರ್ಖಾನೆಯಿಂದ ಹೊರಬರುವಾಗ ಇವಕ್ಕೆ ಸೀಲು ಹಾಕಿರುತ್ತಾರೆ. ಸ್ಪರ್ಧೆಗೆ ಇಳಿಯುವವರು ಮೊದಲು ಒಡೆಯುವುದು ಈ ಸೀಲನ್ನು. ಸುತ್ತು 2,000ದಿಂದ 3,000ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟಾಗುತ್ತದೆ. ಆದರೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ತನ್ನ ರಾಡನ್ನು ಜಗ್ಗುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಅದು ಎರಡೂಕಾಲು ಪಟ್ಟಾಗುತ್ತದೆ. ರಾಡಿನ ಬೋಲ್ಟುಗಳು ಆ ಹೊರೆಗೆಂದು ಮಾಡಿದವಲ್ಲ. ಒಂದು ದಿನ ಅವು ಹಿಗ್ಗುತ್ತವೆ, ಇನ್ನೊಂದು ದಿನ ಹರಿಯುತ್ತವೆ. ಆ ದಿನ ಜಾತ್ರೆಯದೇ ಆಗಿರುವುದರಲ್ಲಿ ನಸೀಬಿನ ಪಾತ್ರವೇನೂ ಇಲ್ಲ.

ಹೆಚ್ಚು ಡೀಸೆಲ್ ಸುರಿದದ್ದಕ್ಕೆ ತಕ್ಕಷ್ಟು ಗಾಳಿ ಸಿಗದಿದ್ದಾಗ ಅದು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ನೋಡುವವರು ಶಕ್ತಿಯ ಗುರುತೆಂದು ಕೇಕೆ ಹಾಕುವ ಆ ಹೊಗೆ ವಾಸ್ತವವಾಗಿ ವ್ಯರ್ಥವಾದ ಇಂಧನ. ಅದರ ಜೊತೆಗೇ ಸಿಲಿಂಡರಿನ ಉಷ್ಣತೆ ಏರುತ್ತದೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪಿಸ್ಟನ್‌ಗೆ ಬಳಸುವ ಮಿಶ್ರಲೋಹ ಅದಕ್ಕೂ ಬಹಳ ಮೊದಲೇ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಗಾಳಿ ಸಾಲದೆಂದು ಏರ್ ಫಿಲ್ಟರ್ ಕಳಚಿ ಕಣಕ್ಕಿಳಿಸುವವರಿದ್ದಾರೆ. ಆಗ ಎರೆಮಣ್ಣಿನ ನುಣುಪು ದೂಳು ನೇರವಾಗಿ ಸಿಲಿಂಡರಿಗಿಳಿದು ಅರದಂತೆ ಉಜ್ಜುತ್ತದೆ. ಗೆದ್ದ ಗಾಡಿಯನ್ನು ಗುಲಾಲು ಎರಚುವ ಗೆಳೆಯರ ನಡುವೆ ತಟ್ಟನೆ ಬಂದ್ ಮಾಡಿದರೆ, ಟರ್ಬೊ ಇನ್ನೂ ಭರದಿಂದ ತಿರುಗುತ್ತಿರುವಾಗಲೇ ಅದಕ್ಕೆ ಎಣ್ಣೆ ನಿಂತುಹೋಗುತ್ತದೆ. ಮೂರ್ನಾಲ್ಕು ನಿಮಿಷ ನಿಧಾನಗತಿಯಲ್ಲಿ ಬಿಟ್ಟಿದ್ದರೆ ಉಳಿಯುತ್ತಿದ್ದ ಬೇರಿಂಗು, ಅವಸರದ ಸಂಭ್ರಮಕ್ಕೆ ಸುಟ್ಟುಹೋಗುತ್ತದೆ. ಇವೆಲ್ಲವನ್ನೂ ನಾನು ಬೇವಿನ ಕೆಳಗೆ ವಿವರಿಸಿದಾಗ ಅವರು ವಾದಕ್ಕಿಳಿಯಲಿಲ್ಲ. ಬಹುಪಾಲು ಅವರಿಗೆ ಗೊತ್ತಿತ್ತು. ರಾಡಿನ ಬೋಲ್ಟನ್ನು ಕೈಯಲ್ಲಿ ಹಿಡಿದು, ಹಳೆಯದು ಎಷ್ಟು ಹಿಗ್ಗಿದೆ ಎಂದು ಹೊಸದರ ಪಕ್ಕ ಇಟ್ಟು ತೋರಿಸಿದ ಮೆಕ್ಯಾನಿಕನಿಗೆ ನಾನು ಕಲಿಸುವುದು ಹೆಚ್ಚೇನೂ ಉಳಿದಿರಲಿಲ್ಲ.

ಆದರೆ ಒಂದು ಅಪಾಯದ ಕುರಿತು ಅಲ್ಲಿ ಸಾಕಷ್ಟು ತಿಳಿವಳಿಕೆ ಇರಲಿಲ್ಲ. ಟರ್ಬೊದ ಸೀಲು ಒಡೆದು ಎಂಜಿನ್ ಆಯಿಲ್ ಗಾಳಿಯ ದಾರಿಯಲ್ಲಿ ಸಿಲಿಂಡರಿಗೆ ನುಗ್ಗಿದರೆ, ಡೀಸೆಲ್ ಎಂಜಿನ್ ತನ್ನದೇ ಎಣ್ಣೆಯನ್ನು ಉರಿಸಿಕೊಂಡು ಓಡತೊಡಗುತ್ತದೆ. ಆಗ ಚಾವಿ ತಿರುಗಿಸಿದರೂ, ಡೀಸೆಲ್ ಕಡಿದರೂ ಅದು ನಿಲ್ಲುವುದಿಲ್ಲ. ಗಾಳಿಯನ್ನು ಮುಚ್ಚುವುದೊಂದೇ ದಾರಿ. ಅದಾಗದಿದ್ದರೆ ಸುತ್ತು ಏರುತ್ತಲೇ ಹೋಗಿ ಏನಾದರೊಂದು ಸಿಡಿಯುವವರೆಗೆ ಎಂಜಿನ್ ಬೊಬ್ಬಿಡುತ್ತದೆ. ಮಿತಿ ಮೀರಿದ ವೇಗದಲ್ಲಿ ಕ್ಲಚ್ ಪ್ಲೇಟು ಚೂರಾದರೆ ಅದರ ತುಣುಕುಗಳು ಹೌಸಿಂಗನ್ನು ಭೇದಿಸಿ ಹೊರಬರುತ್ತವೆ. ಎಳೆತಕ್ಕೆ ಸಿಕ್ಕ ಉಕ್ಕಿನ ಹಗ್ಗ ಹರಿದರೆ ಅದು ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಕೊಂಡಿಯನ್ನು ಹಿಂಬದಿಯ ಅಚ್ಚಿಗಿಂತ ಎತ್ತರದಲ್ಲಿ ಸಿಕ್ಕಿಸಿದ್ದರೆ ಟ್ರ್ಯಾಕ್ಟರ್ ಮುಂಭಾಗ ಎತ್ತಿ ಹಿಂದಕ್ಕೆ ಮಗುಚುತ್ತದೆ. ಮತ್ತೆ ನೆಲಕ್ಕಿಳಿಸಲಾಗದ ಹಂತವನ್ನು ತಲುಪಲು ಅದಕ್ಕೆ ಮುಕ್ಕಾಲು ಸೆಕೆಂಡು ಸಾಕೆಂದು ಕೃಷಿ ಸುರಕ್ಷತೆಯ ಪಾಠಗಳು ಹೇಳುತ್ತವೆ. ಕ್ಲಚ್ ಒತ್ತಬೇಕೆಂದು ಚಾಲಕನಿಗೆ ಹೊಳೆಯುವುದರೊಳಗೆ ಆ ಕ್ಷಣ ದಾಟಿರುತ್ತದೆ. ಇವುಗಳಲ್ಲಿ ಯಾವುದೊಂದು ಸಂಭವಿಸಿದರೂ ನೋಡುತ್ತ ನಿಂತವರಿಗೂ ಚಾಲಕನಿಗೂ ನಡುವೆ ಇರುವುದು ಸುಣ್ಣದ ಗೆರೆ, ಹೆಚ್ಚೆಂದರೆ ಒಂದು ಹಗ್ಗ.

ಇನ್ನು ಹಣದ ಲೆಕ್ಕ. ಸುಮಾರು 50 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಎಂಟು–ಹತ್ತು ಲಕ್ಷ ರೂಪಾಯಿ ಬೇಕು. ಬಹಳ ಮಂದಿ ಅದನ್ನು ಕೊಳ್ಳುವುದು ಸಾಲದಿಂದ, ಆ ಸಾಲಕ್ಕೆ ಆಧಾರವಾಗಿರುವುದು ಹೊಲ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಮೇಲೆ, 2018ರಲ್ಲಿ ಹೊಸ ತಾಲ್ಲೂಕುಗಳಾದ ಟಿಕೋಟಾ, ಬಬಲೇಶ್ವರಗಳ ಒಣಭೂಮಿಯಲ್ಲಿ ದ್ರಾಕ್ಷಿ, ಕಬ್ಬುಗಳಿಗೆ ಅನುಕೂಲವಾಯಿತು. ಟ್ರ್ಯಾಕ್ಟರಿಗೆ ಕೆಲಸವೂ ಹೆಚ್ಚಿತು. ದೀಪಾವಳಿಯ ಆಚೀಚೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿದ ದಿನದಿಂದ ಈ ಗಾಡಿಗಳು ಎರಡೆರಡು ಟ್ರೇಲರ್ ಎಳೆಯುತ್ತ ಹಗಲಿರುಳು ದುಡಿಯುತ್ತವೆ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟು, ಸಾಗಣೆಯ ಕರಾರಿಗೆ ಸಹಿ ಹಾಕಿದ ಮಾಲೀಕನಿಗೆ ಎಂಜಿನ್ ಒಡೆದು ಮೂಲೆ ಸೇರಿದರೆ, ಬರಬೇಕಾದ ಬಾಡಿಗೆ ನಿಲ್ಲುತ್ತದೆ, ಕೊಟ್ಟ ಮುಂಗಡ ಸಿಕ್ಕಿಹಾಕಿಕೊಳ್ಳುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಕಣದಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಒಡೆದ ಬ್ಲಾಕಿನ ಬೆಲೆಯನ್ನು ತುಂಬಿಕೊಡುವುದಿಲ್ಲವೆಂದು ಅವರೇ ಹೇಳಿದರು. ಮಾರ್ಪಡಿಸಿದ ಗಾಡಿಗೆ ಕಂಪನಿಯ ವಾರಂಟಿ ಸಿಗುವುದಿಲ್ಲ. ವಾಹನ ವಿಮೆಯ ಷರತ್ತುಗಳಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ರಕ್ಷಣೆ ಇಲ್ಲವೆಂಬ ಮಾತು ಸಣ್ಣಕ್ಷರದಲ್ಲಿ ಇರುತ್ತದೆ. ಪ್ರೇಕ್ಷಕನೊಬ್ಬನ ಕಾಲು ಹೋದರೆ ಪರಿಹಾರದ ಹೊರೆ ಹೊಲದ ಮೇಲೆ ಬೀಳಬಹುದೆಂಬುದು ಆ ಗುಂಪಿನಲ್ಲಿ ಒಬ್ಬರಿಗೂ ಸ್ಪಷ್ಟವಿರಲಿಲ್ಲ.

ಹಾಗಿದ್ದರೆ ಏಕೆ ಇಳಿಯುತ್ತಾರೆ? ‘ಹುಚ್ಚು’ ಎಂದು ತೀರ್ಪು ಕೊಡುವ ಮೊದಲು ನಗರವಾಸಿಗಳಾದ ನಾವು ಒಂದು ಮಾತನ್ನು ಆಲೋಚಿಸಬೇಕು. ಬೆಂಗಳೂರಿನ ಮೋಟಾರು ಪ್ರಿಯರು ತಮ್ಮ ಕಾರಿನ ಎಂಜಿನ್ ತಿದ್ದಿಸಿ ಕೆ–1000 ರ‍್ಯಾಲಿಗೆ ಇಳಿದಾಗ ನಾವು ಅದನ್ನು ಮೋಟಾರ್ ಕ್ರೀಡೆ ಎನ್ನುತ್ತೇವೆ. ಅದಕ್ಕೆ ಕ್ಲಬ್ಬುಂಟು, ರಾಷ್ಟ್ರೀಯ ಒಕ್ಕೂಟದ ಪರವಾನಗಿಯುಂಟು, ಓಟಕ್ಕೆ ಮೊದಲು ವಾಹನ ತಪಾಸಣೆಯುಂಟು, ಹೆಲ್ಮೆಟ್ಟು, ಆಂಬುಲೆನ್ಸುಗಳುಂಟು. 2014ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟಿನಲ್ಲಿ ಲಾರಿಗಳ ರೇಸು ನಡೆದಾಗ ಪತ್ರಿಕೆಗಳು ಅದನ್ನು ಕ್ರೀಡಾಪುಟದಲ್ಲಿ ವರದಿ ಮಾಡಿದವು. ರೈತನ ಮಗ ತನ್ನ ಟ್ರ್ಯಾಕ್ಟರಿನಲ್ಲಿ ಅದೇ ಆಸೆ ತೀರಿಸಿಕೊಳ್ಳಹೊರಟರೆ ಅದು ಪುಂಡಾಟವಾಗುತ್ತದೆ. ಇವರ ತಂದೆ, ಅಜ್ಜಂದಿರು ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯಲು ಓಡಿಸಿದವರು. ಎತ್ತಿನ ಮೈಕಟ್ಟನ್ನು ಕಂಡೇ ಅದರ ಬಲ ಹೇಳಬಲ್ಲವರಾಗಿದ್ದರು. ಎತ್ತಿನ ಜಾಗಕ್ಕೆ ಯಂತ್ರ ಬಂದ ಮೇಲೆ ಆ ಕಣ್ಣು, ಆ ಅಭಿಮಾನ ಯಂತ್ರದ ಕಡೆಗೆ ಹೊರಳಿವೆ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಇಂಜೆಕ್ಟರ್ ಮಂದವಾಗಿದೆಯೆಂದು ಹೇಳುವ ಹುಡುಗರನ್ನು ನಾನು ಅಲ್ಲಿ ಕಂಡೆ. ಎರಡು ಟ್ರೇಲರ್ ಕಟ್ಟಿದ ಗಾಡಿಯನ್ನು ಕಿರಿದಾದ ಗೇಟಿನೊಳಗೆ ಹಿಮ್ಮುಖವಾಗಿ ನುಸುಳಿಸುವ ಕೌಶಲ ಯಾವ ರ‍್ಯಾಲಿ ಚಾಲಕನಿಗೂ ಕಡಿಮೆಯದಲ್ಲ. ನಗರದ ಆಟಗಾರನಿಗೂ ಇವರಿಗೂ ಇರುವ ವ್ಯತ್ಯಾಸ ಹುಚ್ಚಿನದಲ್ಲ, ವ್ಯವಸ್ಥೆಯದು.

ಕಾನೂನು ಈ ಬಗ್ಗೆ ಮೌನವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು, ಅಥವಾ ಎರಡನ್ನೂ ವಿಧಿಸಬಹುದು. ಸಾರ್ವಜನಿಕ ಸ್ಥಳದಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವಾಹನಗಳ ರೇಸು ನಡೆಸುವುದು 189ನೇ ಕಲಮಿನಡಿ ಅಪರಾಧ. ಕಾಗದದ ಮೇಲೆ ಇಷ್ಟು ಕಟ್ಟುನಿಟ್ಟು. ಆದರೆ ಜಾತ್ರೆಯ ಬ್ಯಾನರುಗಳ ಮೇಲೆ ಜನಪ್ರತಿನಿಧಿಗಳ ಚಿತ್ರಗಳಿರುತ್ತವೆ, ಬಂದೋಬಸ್ತಿಗೆ ಬಂದ ಪೊಲೀಸರು ಗುಂಪನ್ನು ಹಿಂದೆ ಸರಿಸುವುದರಲ್ಲೇ ಬಳಲುತ್ತಾರೆ. ಕಾನೂನು ಒಂದು ದಿಕ್ಕಿಗೆ, ಆಚರಣೆ ಇನ್ನೊಂದು ದಿಕ್ಕಿಗೆ ಮುಖ ಮಾಡಿ ನಿಂತಿರುವ ಈ ಸ್ಥಿತಿ ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಅಧಿಕೃತವಾಗಿ ಇಲ್ಲದ ಆಟಕ್ಕೆ ಯಾರೂ ನಿಯಮ ರೂಪಿಸುವುದಿಲ್ಲ.

ಇಲ್ಲಿ ಎತ್ತಿನ ಗಾಡಿ ಓಟದ ಉದಾಹರಣೆ ಉಪಯುಕ್ತ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳಿಗೆ ತಡೆ ಹಾಕಿತು. 2017ರಲ್ಲಿ ಕರ್ನಾಟಕ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಗಾಡಿ ಓಟಗಳಿಗೆ ಷರತ್ತುಬದ್ಧ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆ ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಒಂದಂತೂ ನಿಜ: ಹತ್ತು ವರ್ಷಗಳ ಆ ಜಗ್ಗಾಟದಲ್ಲಿ ಎತ್ತಿಗೆ ಏನು ಮಾಡಬಾರದೆಂಬುದು ಲಿಖಿತವಾಯಿತು. ಟ್ರ್ಯಾಕ್ಟರ್ ಓಡಿಸುವ ಮನುಷ್ಯನ ಸುರಕ್ಷತೆಗೆ ಅಂಥ ಒಂದು ಸಾಲೂ ಇಲ್ಲದಿರುವುದು ವಿಚಿತ್ರವಲ್ಲವೇ?

ಅನಾಹುತವಾದ ಮೇಲೆ ಎಚ್ಚೆತ್ತುಕೊಳ್ಳುವುದು ಹೇಗಿರುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಪಂಜಾಬಿನ ಗ್ರಾಮೀಣ ಕ್ರೀಡಾಮೇಳಗಳಲ್ಲಿ ಟ್ರ್ಯಾಕ್ಟರ್ ಸಾಹಸಗಳು ಬಲು ಜನಪ್ರಿಯವಾಗಿದ್ದವು. 2023ರ ಅಕ್ಟೋಬರಿನಲ್ಲಿ ಗುರುದಾಸಪುರ ಜಿಲ್ಲೆಯ ಮೇಳವೊಂದರಲ್ಲಿ ಯುವಕನೊಬ್ಬ ತನ್ನದೇ ಟ್ರ್ಯಾಕ್ಟರಿನ ಚಕ್ರಕ್ಕೆ ಸಿಲುಕಿ ಜನರೆದುರೇ ಸತ್ತ. ಒಂದೆರಡು ದಿನಗಳಲ್ಲಿ ಸರ್ಕಾರ ಅಂಥ ಪ್ರದರ್ಶನಗಳನ್ನು ನಿಷೇಧಿಸಿತು. ನಿಷೇಧದ ಆದೇಶ ಹೊರಡಿಸುವುದು ಸುಲಭ. ಆದರೆ ಅದು ಹೊರಡಬೇಕಾದರೆ ಒಂದು ಹೆಣ ಬೀಳಬೇಕಾಯಿತು. ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. 2014ರ ಸೆಪ್ಟೆಂಬರ್ 28ರಂದು ನೆದರ್ಲೆಂಡ್ಸಿನ ಹಾಕ್ಸ್‌ಬರ್ಗೆನ್ ಪಟ್ಟಣದಲ್ಲಿ ದೈತ್ಯಗಾತ್ರದ ಚಕ್ರಗಳ ಪ್ರದರ್ಶನ ಟ್ರಕ್ಕೊಂದು ಹಳೆಯ ಕಾರುಗಳ ಸಾಲನ್ನು ಹಾಯ್ದು ಪ್ರೇಕ್ಷಕರ ಮೇಲೆ ನುಗ್ಗಿ ಮೂವರು ಸತ್ತರು, ಹಲವರು ಗಾಯಗೊಂಡರು. ತನಿಖೆ ನಡೆಸಿದ ಅಲ್ಲಿನ ಸುರಕ್ಷತಾ ಮಂಡಳಿ ಚಾಲಕನಲ್ಲಿಗೆ ನಿಲ್ಲದೆ, ಪ್ರೇಕ್ಷಕರನ್ನು ಅಷ್ಟು ಹತ್ತಿರ ನಿಲ್ಲಿಸಿದ ಸಂಘಟಕರನ್ನೂ ಅನುಮತಿ ಕೊಟ್ಟ ಪುರಸಭೆಯನ್ನೂ ಹೊಣೆಗಾರರನ್ನಾಗಿಸಿತು. ನಮ್ಮ ಜಾತ್ರಾ ಸಮಿತಿಗಳೂ ತಹಶೀಲ್ದಾರರೂ ಗಮನಿಸಬೇಕಾದ ಸಂಗತಿ ಇದು.

ಇದೇ ಆಟ ನಿಯಮದ ಚೌಕಟ್ಟಿನೊಳಗೆ ಬೆಳೆದ ಚರಿತ್ರೆಯೂ ಇದೆ. ಅಮೆರಿಕದ ಮಿಸೌರಿ ಮತ್ತು ಒಹಾಯೊ ಪ್ರಾಂತ್ಯಗಳ ಹಳ್ಳಿಗಳಲ್ಲಿ 1929ರಲ್ಲಿ ರೈತರು ತಮ್ಮ ಟ್ರ್ಯಾಕ್ಟರುಗಳಿಂದ ಭಾರ ಎಳೆಯುವ ಪಂದ್ಯ ಕಟ್ಟಿದರು. ಅದಕ್ಕೂ ಮೊದಲು ಅಲ್ಲಿ ಎಳೆಯುತ್ತಿದ್ದುದು ಕುದುರೆಗಳು. ಊರಿಗೊಂದು ಪದ್ಧತಿಯಿದ್ದ ಆಟಕ್ಕೆ 1969ರಲ್ಲಿ ರಾಷ್ಟ್ರೀಯ ಸಂಘವೊಂದು ಹುಟ್ಟಿ ಏಕರೂಪದ ನಿಯಮ ತಂದಿತು. ತೂಕಕ್ಕೆ ತಕ್ಕ ವರ್ಗಗಳು ಬಂದವು. ಮುಂದೆ ಸಾಗಿದಂತೆ ಹೊರೆ ತಾನಾಗಿ ಹೆಚ್ಚುವ ಜಾರುಬಂಡಿ ಬಂತು. ಟ್ರ್ಯಾಕ್ಟರಿನಿಂದ ಬಂಡಿ ಕಳಚಿಕೊಂಡರೆ ತಾನೇ ಎಂಜಿನ್ನಿನ ಗಾಳಿ ಮುಚ್ಚುವ ತಂತಿ, ಕ್ಲಚ್ಚಿನ ಸುತ್ತ ಉಕ್ಕಿನ ಕವಚ, ಚಾಲಕನಿಗೆ ಪಟ್ಟಿ ಮತ್ತು ಹೆಲ್ಮೆಟ್ಟು ಕಡ್ಡಾಯವಾದವು. ಅಲ್ಲಿಯೂ ಎಂಜಿನ್‌ಗಳು ಒಡೆಯುತ್ತವೆ. ಆದರೆ ಒಡೆದ ಚೂರು ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ಯೋಚಿಸಿರುತ್ತಾರೆ.

ಎಳೆಯುವ ಬಲವನ್ನು ಅಳೆಯುವುದಕ್ಕೆ ಇನ್ನೊಂದು, ಇನ್ನೂ ಘನವಾದ ಪರಂಪರೆಯಿದೆ. ಕಂಪನಿಗಳು ಹೇಳುವ ಅಶ್ವಶಕ್ತಿಗೂ ಹೊಲದಲ್ಲಿ ಸಿಗುವ ಶಕ್ತಿಗೂ ತಾಳೆಯಾಗದೆ ಬೇಸತ್ತ ರೈತ ಶಾಸಕ ವಿಲ್ಮಟ್ ಕ್ರೋಜಿಯರ್ ಅವರ ಯತ್ನದಿಂದ ಅಮೆರಿಕದ ನೆಬ್ರಾಸ್ಕ ಪ್ರಾಂತ್ಯ 1919ರಲ್ಲಿ ಟ್ರ್ಯಾಕ್ಟರ್ ಪರೀಕ್ಷೆಯ ಕಾನೂನು ಮಾಡಿತು. ವಿಶ್ವವಿದ್ಯಾಲಯದಲ್ಲಿ ಎಳೆದು ತೋರಿಸದ ಟ್ರ್ಯಾಕ್ಟರನ್ನು ಅಲ್ಲಿ ಮಾರುವಂತಿರಲಿಲ್ಲ. ನಮ್ಮಲ್ಲಿ ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ದಶಕಗಳಿಂದ ಇದೇ ಕೆಲಸ ಮಾಡುತ್ತಿದೆ. ದಕ್ಷಿಣದ ಸಂಸ್ಥೆ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿದೆ. ಕೊಂಡಿಯಲ್ಲಿ ಎಷ್ಟು ಎಳೆಯುತ್ತದೆ, ಎಷ್ಟು ಡೀಸೆಲ್ ಕುಡಿಯುತ್ತದೆ, ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆ ಎಂಬ ವರದಿ ಅಲ್ಲಿ ಸಿದ್ಧವಾಗುತ್ತದೆ. ಬೇವಿನ ಕೆಳಗಿನ ಚರ್ಚೆಯಲ್ಲಿ ಯಾವ ಗಾಡಿ ಬಲವಾದದ್ದೆಂಬ ವಾದ ಗಂಟೆಗಟ್ಟಲೆ ನಡೆಯಿತು. ಬುಧನಿಯ ವರದಿಯನ್ನು ಯಾರೂ ಕಂಡಿರಲಿಲ್ಲ. ರೈತನಿಗೆಂದೇ ತಯಾರಾದ ಆ ಮಾಹಿತಿ ಸರಳ ಕನ್ನಡದಲ್ಲಿ ರೈತ ಸಂಪರ್ಕ ಕೇಂದ್ರದ ಗೋಡೆಗೆ ಬಂದರೆ, ಬಲಪರೀಕ್ಷೆಗಾಗಿ ಸೀಲು ಒಡೆಯುವ ಅಗತ್ಯ ಅರ್ಧದಷ್ಟಾದರೂ ತಗ್ಗೀತು.

ಆದ್ದರಿಂದ ಬರುವ ಜಾತ್ರೆಗಳ ಹಂಗಾಮಿಗೆ ಮೊದಲೇ ಜಿಲ್ಲಾಡಳಿತಗಳು ಮುಂದಾಗಬೇಕು. ಟ್ರ್ಯಾಕ್ಟರ್ ಸ್ಪರ್ಧೆಗೆ ಅನುಮತಿ ಕೋರಲು ಒಂದು ಸ್ಪಷ್ಟ ದಾರಿ ಇರಲಿ, ಆ ಅನುಮತಿ ಷರತ್ತುಗಳೊಡನೆ ಬರಲಿ. ಸೀಲು ಒಡೆಯದ, ಹೊಲದಲ್ಲಿ ದುಡಿಯುವ ಗಾಡಿಗಳಿಗೇ ಮುಖ್ಯ ಸ್ಪರ್ಧೆ ನಡೆಯಲಿ. ಅಲ್ಲಿ ಗೆಲ್ಲುವುದು ಪಂಪಿನ ತಿರುಪಲ್ಲ. ಟೈರಿನ ಗಾಳಿ, ಮುಂಭಾಗದ ತೂಕ, ಸರಿಯಾದ ಗೇರು, ಚಾಲಕನ ಕೈ. ಮಾರ್ಪಡಿಸಿದ ಗಾಡಿಗಳಿಗೆ ಅವಕಾಶ ಬೇಕೆನ್ನುವವರು ಅವುಗಳನ್ನು ರಸ್ತೆಯಿಂದ, ಕಬ್ಬಿನ ಸಾಗಣೆಯಿಂದ ದೂರವಿಟ್ಟು, ಗಾಳಿ ಮುಚ್ಚುವ ಸಾಧನ, ಉರುಳುತಡೆ ಕಮಾನು, ಪಟ್ಟಿಗಳನ್ನು ಅಳವಡಿಸಿಕೊಂಡೇ ಬರಲಿ. ಹಿಮ್ಮುಖ ಚಾಲನೆಯಂಥ, ಬಲಕ್ಕಿಂತ ಕೌಶಲಕ್ಕೆ ಬೆಲೆ ಕೊಡುವ ಪಂದ್ಯಗಳಿಗೆ ದೊಡ್ಡ ಬಹುಮಾನವಿರಲಿ. ಪ್ರೇಕ್ಷಕರು ಎಳೆತದ ಸಾಲಿನಲ್ಲಿ ಎಲ್ಲಿಯೂ ನಿಲ್ಲದಂತೆ, ಬದಿಗಳಲ್ಲಿ ಗಟ್ಟಿಯಾದ ತಡೆಯ ಹಿಂದೆ ಇರುವಂತೆ ಕಣ ಸಿದ್ಧವಾಗಲಿ. ಬೆಂಕಿ ನಂದಿಸುವ ಸಲಕರಣೆ, ಆಂಬುಲೆನ್ಸ್, ಜಾತ್ರಾ ಸಮಿತಿಯ ಹೆಸರಿನಲ್ಲಿ ಹೊಣೆಗಾರಿಕೆ ವಿಮೆ ಇಲ್ಲದೆ ಹಸಿರು ಬಾವುಟ ಬೀಸಬಾರದು.

ಇದನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಸಹಜ. ಉತ್ತರ ಅಲ್ಲಿಯೇ ಇದೆ. ವಿಜಯಪುರದಲ್ಲಿ ಡಾ. ಫ.ಗು. ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ, ಪಾಲಿಟೆಕ್ನಿಕ್, ಐಟಿಐಗಳಿವೆ. ಸ್ಪರ್ಧೆಯ ದಿನ ಇವುಗಳ ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ಅನುಭವಿ ಮೆಕ್ಯಾನಿಕರೊಡನೆ ನಿಂತು ಸೀಲು, ಕೊಂಡಿಯ ಎತ್ತರ, ಸರಪಳಿ, ಬ್ರೇಕುಗಳನ್ನು ತಪಾಸಣೆ ಮಾಡಿದರೆ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಸಿಗದ ಪಾಠ ಸಿಗುತ್ತದೆ, ಮೆಕ್ಯಾನಿಕರಿಗೆ ಬಹುಕಾಲದಿಂದ ಸಲ್ಲಬೇಕಾದ ಮನ್ನಣೆ ಸಿಗುತ್ತದೆ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ಮಾನದಂಡ ಅನ್ವಯವಾದ ನಂತರ ಎಂಜಿನ್ನಿನೊಳಗೆ ಎಲೆಕ್ಟ್ರಾನಿಕ್ಸ್ ಹೊಕ್ಕಿದೆ. ತಿರುಪಿನ ಜಾಗದಲ್ಲಿ ಇನ್ನು ಲ್ಯಾಪ್‌ಟಾಪು ಬರುತ್ತದೆ. ಗ್ಯಾರೇಜಿನ ಹುಡುಗನಿಗೆ ಆ ವಿದ್ಯೆಯನ್ನು ಕ್ರಮವಾಗಿ ಕಲಿಸಿದರೆ ಅವನು ಒಳ್ಳೆಯ ತಂತ್ರಜ್ಞನಾಗುತ್ತಾನೆ. ಕಲಿಸದಿದ್ದರೆ ಕದ್ದು ಕಲಿಯುತ್ತಾನೆ, ಅದರ ಪ್ರಯೋಗ ಜಾತ್ರೆಯ ಕಣದಲ್ಲಾಗುತ್ತದೆ.

ಊರ ಜಾತ್ರೆಗೆ ಇಷ್ಟೆಲ್ಲ ಕಟ್ಟುಪಾಡು ಬೇಕೇ, ಖರ್ಚು ಯಾರು ಭರಿಸಬೇಕು ಎಂದು ಕೇಳುವವರಿದ್ದಾರೆ. ಬಹುಮಾನಕ್ಕೆ ಬೈಕು ಕೊಡಿಸುವ ದಾನಿಗಳಿಗೆ ನಾಲ್ಕು ಕಬ್ಬಿಣದ ತಡೆಗಳ ವೆಚ್ಚ ಭಾರವಾಗದು. ಡೀಸೆಲ್ ಸುಡುವ ಈ ಆಟವೇ ದಂಡವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಸೀಲು ಒಡೆಯದ ಗಾಡಿಗಳ ಸ್ಪರ್ಧೆಯಲ್ಲಿ ಸುಡುವ ಡೀಸೆಲ್, ನೇಗಿಲು ಹೊಡೆಯುವ ಒಂದು ಮುಂಜಾನೆಯದಕ್ಕಿಂತ ಹೆಚ್ಚಿರಲಾರದು. ಕಪ್ಪು ಹೊಗೆಯಂತೂ ಇರುವುದಿಲ್ಲ. ಪೂರ್ತಿ ನಿಷೇಧವೇ ಲೇಸೆಂಬ ವಾದಕ್ಕೂ ನನ್ನ ಒಪ್ಪಿಗೆಯಿಲ್ಲ. ಊರ ನಡುವಿನ ಕಣದಲ್ಲಿ ನಿಷೇಧಿಸಿದರೆ ಸ್ಪರ್ಧೆ ಊರಾಚೆಯ ಬೀಳಿಗೆ, ರಾತ್ರಿಯ ಹೆದ್ದಾರಿಗೆ, ಬೆಟ್ಟಿನ ಹಣದ ಕೈಗೆ ಹೋಗುತ್ತದೆ.

ಹೊನವಾಡದ ಆ ಮಾಲೀಕರಲ್ಲಿ ಯಾರೂ ಸಾಯಲು ಬಯಸಿದವರಲ್ಲ, ಹೊಲ ಕಳೆದುಕೊಳ್ಳಲು ಬಯಸಿದವರೂ ಅಲ್ಲ. ಎಂಜಿನ್ ಏಕೆ ಒಡೆಯುತ್ತದೆಂಬ ಅವರ ಪ್ರಶ್ನೆಗೆ ಯಂತ್ರಶಾಸ್ತ್ರದಲ್ಲಿ ಉತ್ತರವಿದೆ. ಒಡೆದಾಗ ಮನುಷ್ಯ ಹೇಗೆ ಉಳಿಯಬೇಕೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಜಿಲ್ಲಾಡಳಿತ, ಜಾತ್ರಾ ಸಮಿತಿ, ಕಾಲೇಜುಗಳು. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಜಿಲ್ಲಾಧಿಕಾರಿಗಳು ಈ ಮೂವರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಒಂದೇ ಮೇಜಿನ ಸುತ್ತ ಕೂರಿಸಿದರೆ, ಎರಡು ಪುಟಗಳ ನಿಯಮಾವಳಿ ಸಿದ್ಧವಾಗುವುದು ಕಷ್ಟವೇನಲ್ಲ. ಮುಂದಿನ ಜಾತ್ರೆಯ ಕರಪತ್ರ ಅಚ್ಚಾಗುವ ಮೊದಲೇ ಆ ಕೆಲಸ ಆಗಲಿ.